ದಾರಿಯ ಖರ್ಚು, ಮನೆಯ ಉಳಿತಾಯ

ಕಲಬುರಗಿ, ರಾಯಚೂರುಗಳಿಂದ ಪುಣೆ, ಮುಂಬಯಿಗಳಿಗೆ ರೈಲಿನಲ್ಲಿ ಹೋಗಿಬರುವ ಕನ್ನಡಿಗರಿಗೆ ದೌಂಡ ಅಪರಿಚಿತ ಹೆಸರಲ್ಲ. ಪುಣೆ ಜಿಲ್ಲೆಯ ಪೂರ್ವಭಾಗದಲ್ಲಿ, ಭೀಮಾ ನದಿಯ ದಡದಲ್ಲಿರುವ ಈ ರೈಲ್ವೆ ಪಟ್ಟಣದಿಂದ ಒಂದು ಮಾರ್ಗ ಸೊಲ್ಲಾಪುರದ ಕಡೆಗೆ, ಮತ್ತೊಂದು ಮನಮಾಡದ ಕಡೆಗೆ, ಇನ್ನೊಂದು ಬಾರಾಮತಿಗೆ ಹೊರಡುತ್ತದೆ. ಇದೇ ಭೀಮೆ ಮುಂದೆ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳನ್ನು ಹಾಯ್ದು ಕೃಷ್ಣೆಯನ್ನು ಸೇರುತ್ತಾಳೆ. ಪುಣೆಯಲ್ಲಿ ದುಡಿಯುತ್ತ, ಬಾಡಿಗೆ ಕಡಿಮೆಯೆಂಬ ಕಾರಣಕ್ಕೋ ಸ್ವಂತ ಮನೆಯಿದೆಯೆಂಬ ಕಾರಣಕ್ಕೋ ದೌಂಡದಲ್ಲಿ ವಾಸಿಸುವವರು ಅನೇಕರು. ನಮ್ಮಲ್ಲಿ ತುಮಕೂರು–ಬೆಂಗಳೂರು ನಡುವೆ ಪ್ರತಿದಿನ ಓಡಾಡುವವರ ಸ್ಥಿತಿಯೂ ಇದೇ ಆಗಿದೆ. ಎರಡೂ ಕಡೆ ಒಂದು ದಿಕ್ಕಿನ ರೈಲು ಪ್ರಯಾಣ ಸುಮಾರು 70ರಿಂದ 75 ಕಿಲೋಮೀಟರು. ಆದ್ದರಿಂದ ಮುಂದೆ ದೌಂಡವನ್ನು ಇಟ್ಟುಕೊಂಡು ಹಾಕಿರುವ ಲೆಕ್ಕವನ್ನು ಓದುಗರು ತಮ್ಮ ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ಉಳಿತಾಯವೆಂದರೆ ಹೊಟ್ಟೆ ಬಟ್ಟೆ ಕಟ್ಟುವುದೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ವಾಸ್ತವದಲ್ಲಿ ಮಧ್ಯಮ ವರ್ಗದ ಸಂಸಾರಗಳಲ್ಲಿ ಹಣ ಸೋರುವುದು ಹಬ್ಬದ ಸೀರೆಗಾಗಲಿ ಮಕ್ಕಳ ಮಿಠಾಯಿಗಾಗಲಿ ಅಲ್ಲ; ಪ್ರತಿದಿನವೂ ಸಣ್ಣ ಪ್ರಮಾಣದಲ್ಲಿ ನಡೆದುಹೋಗುವ, ಆದ್ದರಿಂದಲೇ ಕಣ್ಣಿಗೆ ಬೀಳದ ವೆಚ್ಚಗಳಿಗೆ. ಅವುಗಳಲ್ಲಿ ಓಡಾಟದ ವೆಚ್ಚ ಮೊದಲನೆಯದು.

ಒಂದು ತಿಂಗಳ ಲೆಕ್ಕ

ದೌಂಡದಿಂದ ಪುಣೆಗೆ ರಸ್ತೆಯಲ್ಲಿ ಹೋಗಿಬರಲು ಸುಮಾರು 160 ಕಿಲೋಮೀಟರು ಎಂದು ಹಿಡಿಯೋಣ. ಲೀಟರಿಗೆ 50 ಕಿಲೋಮೀಟರು ಓಡುವ ಮೋಟಾರ್ ಸೈಕಲಿಗೆ ದಿನಕ್ಕೆ 3.2 ಲೀಟರು ಪೆಟ್ರೋಲು ಬೇಕು. ಸುಲಭವಾಗಲೆಂದು ಪೆಟ್ರೋಲಿನ ಬೆಲೆಯನ್ನು 100 ರೂಪಾಯಿ ಎಂದುಕೊಂಡರೆ ದಿನಕ್ಕೆ 320 ರೂಪಾಯಿ; ತಿಂಗಳಿಗೆ 25 ದಿನ ಕೆಲಸವೆಂದರೆ 8,000 ರೂಪಾಯಿ. ತಿಂಗಳಿಗೆ 20,000 ರೂಪಾಯಿ ಗಳಿಸುವವನ ಮಟ್ಟಿಗೆ ಇದು ದುಡಿಮೆಯ ಐದು ಪಾಲಿನಲ್ಲಿ ಎರಡು ಪಾಲು. ವಾರದ ಮೊದಲ ಎರಡು ದಿನ ಹಾಗೂ ಮೂರನೆಯ ದಿನದ ಒಂದು ಭಾಗ ಆತ ದುಡಿಯುವುದು ಕೆಲಸಕ್ಕೆ ಹೋಗಿಬರುವುದಕ್ಕಾಗಿಯೇ! ಲೀಟರಿಗೆ 16 ಕಿಲೋಮೀಟರು ಓಡುವ ಕಾರಾದರೆ ದಿನಕ್ಕೆ 1,000 ರೂಪಾಯಿ, ತಿಂಗಳಿಗೆ 25,000 ರೂಪಾಯಿ. ಎಣ್ಣೆ ಬದಲಾವಣೆ, ಟೈರಿನ ಸವೆತ, ಟೋಲ್, ದುರಸ್ತಿ ಇವು ಬೇರೆ.

ಇದೇ ದೂರಕ್ಕೆ ರೈಲ್ವೆಯ ಎರಡನೆಯ ದರ್ಜೆಯ ಮಾಸಿಕ ಸೀಸನ್ ಟಿಕೆಟಿನ ದರ ನೂರುಗಳ ಲೆಕ್ಕದಲ್ಲಿದೆಯೇ ಹೊರತು ಸಾವಿರಗಳ ಲೆಕ್ಕದಲ್ಲಿಲ್ಲ. ಸಾಮಾನ್ಯವಾಗಿ 150 ಕಿಲೋಮೀಟರಿನವರೆಗಿನ ದೂರಕ್ಕೆ ಈ ಟಿಕೆಟು ದೊರೆಯುತ್ತದೆ. ಮೂರು ತಿಂಗಳ ಟಿಕೆಟನ್ನು ಒಮ್ಮೆಗೇ ಪಡೆದರೆ ಮೂರು ಮಾಸಿಕ ಟಿಕೆಟುಗಳ ದರಕ್ಕಿಂತ ಅದು ಅಗ್ಗ. ವಿದ್ಯಾರ್ಥಿಗಳಿಗೆ ಪ್ರತ್ಯೇಕ ರಿಯಾಯಿತಿ ಉಂಟು. ಆದರೆ ಸೀಸನ್ ಟಿಕೆಟು ಉಳ್ಳವರು ಕಾಯ್ದಿರಿಸಿದ ಬೋಗಿಗಳಲ್ಲಿ ಕೂರುವಂತಿಲ್ಲವೆಂಬುದನ್ನೂ, ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚುವರಿ ಶುಲ್ಕ ತೆರಬೇಕೆಂಬುದನ್ನೂ ಮರೆಯಬಾರದು. ಮರೆತು ದಂಡ ತೆತ್ತರೆ ತಿಂಗಳ ಉಳಿತಾಯದಲ್ಲಿ ಒಂದು ಭಾಗ ಹೋದಂತೆಯೇ.

ರೈಲು ಎಲ್ಲರಿಗೂ ಹೊಂದುವುದಿಲ್ಲ, ನಿಜ. ದೌಂಡದ ಸಮೀಪದ ಕುರಕುಂಭ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸುವವನಿಗೆ ರೈಲಿನ ವೇಳಾಪಟ್ಟಿಯಿಂದ ಪ್ರಯೋಜನವಿಲ್ಲ. ಅಂಥವರಿಗೆ ಬಸ್ಸು ಅಥವಾ ಜೊತೆಗೂಡಿ ಹೋಗುವ ಕ್ರಮ ಉಳಿದಿರುತ್ತದೆ. ಮಹಾರಾಷ್ಟ್ರದ ಎಸ್.ಟಿ. ಬಸ್ಸುಗಳಲ್ಲಿ 2023ರ ಮಾರ್ಚಿಯಿಂದ ಮಹಿಳೆಯರಿಗೆ ಅರ್ಧ ದರದ ಸೌಲಭ್ಯ ಜಾರಿಗೆ ಬಂದಿತು. ಕರ್ನಾಟಕದಲ್ಲಿ ಅದೇ ವರ್ಷದ ಜೂನ್ 11ರಂದು ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. ಸಂಸಾರದಲ್ಲಿ ಇಬ್ಬರು ದುಡಿಯುವವರಿದ್ದರೆ ಯಾರು ಯಾವುದರಲ್ಲಿ ಹೋಗಬೇಕೆಂಬುದನ್ನು ಇಂಥ ಸೌಲಭ್ಯಗಳನ್ನು ನೋಡಿಯೇ ನಿರ್ಧರಿಸುವುದು ಜಾಣತನ.

ಜೊತೆಗೂಡಿ ಹೋಗುವುದರ ಲೆಕ್ಕ ಇನ್ನೂ ಸ್ವಾರಸ್ಯಕರವಾಗಿದೆ. ಒಂದೇ ಕಡೆಗೆ ಹೋಗುವ ನಾಲ್ವರು ಸರದಿಯ ಮೇಲೆ ತಮ್ಮ ತಮ್ಮ ಕಾರುಗಳನ್ನು ತೆಗೆದರೆ, ಮೇಲಿನ 25,000 ರೂಪಾಯಿ ನಾಲ್ಕು ಪಾಲಾಗಿ ತಲೆಗೆ 6,250 ರೂಪಾಯಿ ಆಗುತ್ತದೆ. ಮೋಟಾರ್ ಸೈಕಲಿನಲ್ಲಿ ಒಬ್ಬನೇ ಹೋಗುವುದಕ್ಕಿಂತಲೂ ಇದು ಕಡಿಮೆ. ಕಾರು ಶ್ರೀಮಂತಿಕೆ, ಬೈಕು ಮಿತವ್ಯಯ ಎಂಬ ರೂಢಿಯ ಮಾತು ಯಾವಾಗಲೂ ನಿಜವಲ್ಲ; ವಾಹನದಲ್ಲಿ ಎಷ್ಟು ಜನ ಕುಳಿತಿದ್ದಾರೆಂಬುದೇ ಮುಖ್ಯ.

ವಾಹನ ಓಡಿಸಲೇಬೇಕಾದಾಗ

1973ರ ತೈಲ ಬಿಕ್ಕಟ್ಟಿನಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ಸುಮಾರು ನಾಲ್ಕು ಪಟ್ಟು ಏರಿದ ಮೇಲೆ ಇಂಧನ ಸಂರಕ್ಷಣೆಯ ವಿಚಾರ ನಮ್ಮ ದೇಶದಲ್ಲಿ ಗಂಭೀರವಾಗಿ ಮೊದಲಾಯಿತು. 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಸ್ಥಾಪನೆಯಾಯಿತು. ಇಂದಿಗೂ ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚಿನ ಭಾಗ ಹೊರದೇಶಗಳಿಂದಲೇ ಬರುತ್ತಿದೆ. ಈ ಸಂಘ ಚಾಲಕರಿಗೆ ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು ಗಂಟೆಗೆ 45ರಿಂದ 55 ಕಿಲೋಮೀಟರು ವೇಗದಲ್ಲಿ ಓಡಿಸಿರಿ ಎಂಬುದು. 80ರ ವೇಗಕ್ಕೆ ಹೋಲಿಸಿದರೆ ಈ ವೇಗದಲ್ಲಿ ಕಾರು ಶೇಕಡಾ 40ರವರೆಗೆ ಹೆಚ್ಚು ದೂರ ಓಡಬಲ್ಲುದೆಂದು ಅದು ತಿಳಿಸುತ್ತದೆ.

ಇದರ ಹಿಂದಿನ ಕಾರಣ ಸರಳವಾದುದು. ವಾಹನಕ್ಕೆ ಎದುರಾಗುವ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 50ರಲ್ಲಿ ಇದ್ದ ತಡೆ 80ರಲ್ಲಿ ಎರಡೂವರೆ ಪಟ್ಟಾಗುತ್ತದೆ. ಅಷ್ಟು ಅವಸರಪಟ್ಟು ಗಳಿಸುವುದಾದರೂ ಏನು? 80 ಕಿಲೋಮೀಟರು ದಾರಿಯನ್ನು 80ರ ವೇಗದಲ್ಲಿ ಎಲ್ಲಿಯೂ ನಿಲ್ಲದೆ ಕ್ರಮಿಸಿದರೆ ಒಂದು ಗಂಟೆ, 55ರಲ್ಲಿ ಸುಮಾರು ಒಂದು ಗಂಟೆ 27 ನಿಮಿಷ. ಈ 27 ನಿಮಿಷ ಪೂರ್ತಿಯಾಗಿ ಕೈಗೆ ಸಿಗುವುದೂ ಅಪರೂಪ. ಪುಣೆಯ ಹೊರವಲಯದ ವಾಹನ ದಟ್ಟಣೆಯಲ್ಲಿ ಅದರ ಬಹುಪಾಲು ಕಳೆದುಹೋಗುತ್ತದೆ.

ಟೈರಿನ ಗಾಳಿಯ ವಿಷಯದಲ್ಲಿ ನಮ್ಮವರ ಉದಾಸೀನ ಆಶ್ಚರ್ಯಕರ. ಗಾಳಿಯ ಒತ್ತಡ ಇರಬೇಕಾದುದಕ್ಕಿಂತ ಶೇಕಡಾ 25ರಷ್ಟು ಇಳಿದರೆ ಇಂಧನದ ಖರ್ಚು ಶೇಕಡಾ 5ರಿಂದ 10ರಷ್ಟು ಏರುತ್ತದೆ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಗಾಳಿಯನ್ನು ಪರೀಕ್ಷಿಸತಕ್ಕದ್ದು. ಓಡಿ ಬಿಸಿಯಾದ ಟೈರು ಸುಳ್ಳು ಅಂಕಿಯನ್ನು ತೋರಿಸುತ್ತದೆ. ಕ್ಲಚ್ಚಿನ ಮೇಲೆ ಕೈಯನ್ನೋ ಕಾಲನ್ನೋ ಇಟ್ಟುಕೊಂಡೇ ಓಡಿಸುವುದು, ರೈಲ್ವೆ ಗೇಟಿನಲ್ಲಿ ಗಾಡಿ ಹಾದುಹೋಗುವವರೆಗೆ ಎಂಜಿನನ್ನು ಚಾಲೂ ಇಡುವುದು ಇವೂ ಇದೇ ಜಾತಿಯ ಅಭ್ಯಾಸಗಳು. ಇಳಿಜಾರಿನಲ್ಲಿ ಗೇರು ತೆಗೆದು ಜಾರಲು ಬಿಟ್ಟರೆ ಪೆಟ್ರೋಲು ಉಳಿಯುತ್ತದೆಂಬ ನಂಬಿಕೆ ಮಾತ್ರ ಪೂರ್ತಿ ತಪ್ಪು. ಇಂಧನವನ್ನು ಚಿಮ್ಮಿಸುವ ವ್ಯವಸ್ಥೆಯುಳ್ಳ ಈಚಿನ ವಾಹನಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವಾಗಿಯೇ ನಿಲ್ಲಿಸಿಕೊಳ್ಳುತ್ತವೆ. ಗೇರು ತೆಗೆದಾಗ ಎಂಜಿನು ಆರದಂತೆ ಉಳಿಸಲು ಪೆಟ್ರೋಲು ಉರಿಯುತ್ತಲೇ ಇರುತ್ತದೆ. ವಾಹನದ ಮೇಲಿನ ಹಿಡಿತವೂ ತಪ್ಪುತ್ತದೆ.

ನಿಮ್ಮ ವಾಹನ ಲೀಟರಿಗೆ ನಿಜವಾಗಿ ಎಷ್ಟು ಓಡುತ್ತದೆಂದು ತಿಳಿಯಲು ಒಂದು ಸಣ್ಣ ಪುಸ್ತಕ ಸಾಕು. ಟ್ಯಾಂಕು ತುಂಬಿಸಿ ಕಿಲೋಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳಿರಿ. ಮುಂದಿನ ಸಲ ಪುನಃ ತುಂಬಿಸಿದಾಗ ಓಡಿದ ದೂರವನ್ನು ಆಗ ಹಾಕಿಸಿದ ಲೀಟರುಗಳಿಂದ ಭಾಗಿಸಿರಿ. ಲೀಟರಿಗೆ 50 ಇದ್ದದ್ದು 42ಕ್ಕೆ ಇಳಿದಿದ್ದರೆ ಸಾವಿರ ಕಿಲೋಮೀಟರಿಗೆ ಸುಮಾರು ನಾಲ್ಕು ಲೀಟರು ವ್ಯರ್ಥವಾಗುತ್ತಿದೆ. ಚೈನು, ಬ್ರೇಕು, ಏರ್ ಫಿಲ್ಟರುಗಳನ್ನು ತೋರಿಸಲು ಅದೇ ಸೂಚನೆ. ಮೈಲೇಜು ಹೆಚ್ಚಿಸುತ್ತವೆಂದು ಮಾರುವ ಪುಡಿ, ಸಲಕರಣೆಗಳಿಗೆ ಹಣ ಸುರಿಯುವ ಮೊದಲು ಈ ಪುಸ್ತಕವನ್ನು ಒಂದು ತಿಂಗಳು ಬರೆದು ನೋಡಿರಿ.

ಉಳಿಸಬಾರದ ಕಡೆ

ಹೆಲ್ಮೆಟ್ ಮತ್ತು ವಿಮೆ ಇವೆರಡರಲ್ಲಿ ಕೈಬಿಗಿ ಮಾಡುವುದು ಉಳಿತಾಯವಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ, ಅಂದರೆ ಚಳಿಗಾಲದುದ್ದಕ್ಕೂ, ದೌಂಡ, ಬಾರಾಮತಿಗಳ ಸುತ್ತಲಿನ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರಾಕ್ಟರುಗಳೂ ಎತ್ತಿನ ಗಾಡಿಗಳೂ ಸಂಚರಿಸುತ್ತವೆ. ಹಿಂದೆ ದೀಪವಿಲ್ಲದ ಟ್ರಾಲಿ ಕತ್ತಲಲ್ಲಿ ಹತ್ತಿರ ಬಂದಾಗಷ್ಟೇ ಕಾಣುತ್ತದೆ. ಮಂಡ್ಯ, ಬೆಳಗಾವಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಸ್ತೆಬದಿಯ ಅಗ್ಗದ ಟೋಪಿಯನ್ನು ಬಿಟ್ಟು ಐ.ಎಸ್.ಐ. ಗುರುತಿನ ಹೆಲ್ಮೆಟನ್ನೇ ಕೊಳ್ಳತಕ್ಕದ್ದು.

ಮೂರನೆಯ ಪಕ್ಷದ ವಿಮೆ ಕಾನೂನಿನಂತೆ ಕಡ್ಡಾಯ. ಅದಿಲ್ಲದೆ ಓಡಿಸಿದರೆ 2019ರ ತಿದ್ದುಪಡಿಯ ಪ್ರಕಾರ ಮೊದಲ ಬಾರಿಗೆ 2,000 ರೂಪಾಯಿ, ಮರುಕಳಿಸಿದರೆ 4,000 ರೂಪಾಯಿ ದಂಡ. ಅಪಘಾತವಾದರೆ ಬೀಳುವ ಪರಿಹಾರದ ಹೊರೆಯ ಮುಂದೆ ಈ ದಂಡ ಏನೂ ಅಲ್ಲ. ಮನೆ ಮಾರಿ ತೆರಬೇಕಾಗಿ ಬರಬಹುದು. ಸ್ವಂತ ವಾಹನದ ಹಾನಿಗೆ ಮಾಡಿಸುವ ವಿಮೆಯಲ್ಲಿ ಮಾತ್ರ ಉಳಿತಾಯಕ್ಕೆ ನ್ಯಾಯವಾದ ದಾರಿ ಇದೆ. ಪರಿಹಾರ ಕೇಳದ ವರ್ಷಗಳಿಗಾಗಿ ಕಂತಿನಲ್ಲಿ ಶೇಕಡಾ 20ರಿಂದ ಮೊದಲಾಗಿ 50ರವರೆಗೆ ರಿಯಾಯಿತಿ ದೊರೆಯುತ್ತದೆ. ಸಣ್ಣ ಗೀರಿಗೆ ಪರಿಹಾರ ಕೇಳಿ ಈ ರಿಯಾಯಿತಿಯನ್ನು ಕಳೆದುಕೊಳ್ಳುವುದಕ್ಕಿಂತ ಕೈಯಿಂದ ತೆತ್ತು ಸರಿಪಡಿಸಿಕೊಳ್ಳುವುದೇ ಅನೇಕ ವೇಳೆ ಲಾಭಕರ. ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ರಿಯಾಯಿತಿ ರದ್ದಾಗುತ್ತದೆ.

ಮನೆಯೊಳಗೆ

ಅಡುಗೆಮನೆಯ ಲೆಕ್ಕವನ್ನು ಗೃಹಿಣಿಯರಿಗೆ ಹೇಳಿಕೊಡುವ ಸಾಹಸ ಬೇಡ. ಅದನ್ನು ಅವರು ಬಲ್ಲರು. ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿದರೆ ಸಾಮಾನ್ಯ ಪಾತ್ರೆಗಿಂತ ಅನ್ನಕ್ಕೆ ಶೇಕಡಾ 20, ನೆನೆಸಿದ ಕಡಲೆಬೇಳೆಗೆ ಶೇಕಡಾ 46ರಷ್ಟು ಇಂಧನ ಉಳಿಯುವುದೆಂಬ ಸಂರಕ್ಷಣಾ ಸಂಘದ ಅಂಕಿಗಳನ್ನಷ್ಟೇ ಇಲ್ಲಿ ಕೊಡುತ್ತೇವೆ. ವಿದ್ಯುತ್ತಿನಲ್ಲಿ 60 ವಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅದರ ಬದಲು 9 ವಾಟಿನ ಎಲ್.ಇ.ಡಿ. ಬಲ್ಬಿಗೆ ಒಂದೂವರೆ ಯೂನಿಟ್ಟೂ ಬೇಡ. ಬಲ್ಬನ್ನು ಬದಲಿಸಿದವರು ಫ್ಯಾನನ್ನು ಮರೆಯುವುದುಂಟು. ಬೇಸಿಗೆಯಲ್ಲಿ ಹಗಲಿರುಳು ತಿರುಗುವ ಹಳೆಯ ಫ್ಯಾನು ಸುಮಾರು 75 ವಾಟ್ ಬಳಸಿದರೆ ಹೊಸ ಬಗೆಯ ಬಿ.ಎಲ್.ಡಿ.ಸಿ. ಫ್ಯಾನಿಗೆ ಅದರ ಅರ್ಧವೂ ಬೇಕಾಗುವುದಿಲ್ಲ.

ಉಳಿದ ಹಣವನ್ನು ಇಡುವ ಬಗೆ

ಹೀಗೆ ಉಳಿಸಿದ ಹಣ ಜೇಬಿನಲ್ಲಿಯೇ ಇದ್ದರೆ ತಿಂಗಳ ಕೊನೆಗೆ ಅದು ಬೇರೊಂದು ಖರ್ಚಾಗಿ ಹೋಗಿರುತ್ತದೆ. ಮೋಟಾರ್ ಸೈಕಲನ್ನು ಬಿಟ್ಟು ರೈಲು ಹಿಡಿದವನು ನಿಲ್ದಾಣದವರೆಗಿನ ಓಡಾಟ, ಟಿಕೆಟು ಎಲ್ಲ ಕಳೆದು 4,000 ರೂಪಾಯಿಯನ್ನಾದರೂ ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿಯಲ್ಲಿ ಕಟ್ಟುತ್ತ ಬಂದರೆ ಅಸಲೇ 2,40,000 ರೂಪಾಯಿ ಆಗುತ್ತದೆ. ಮಗಳನ್ನು ಕಾಲೇಜಿಗೆ ಸೇರಿಸುವ ವರ್ಷ ಸಾಲಕ್ಕೆ ಕೈಚಾಚುವುದಕ್ಕೂ ಚಾಚದಿರುವುದಕ್ಕೂ ಅಷ್ಟು ಹಣದಿಂದ ವ್ಯತ್ಯಾಸವಾದೀತು. ಬಡ್ಡಿಯ ದರವನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಖಾತೆ ತೆರೆದ ದಿನದ ದರವೇ ಐದು ವರ್ಷವೂ ನಡೆಯುತ್ತದೆ. ತಿಂಗಳಿಗೆ ಕನಿಷ್ಠ 100 ರೂಪಾಯಿಯಿಂದ ಖಾತೆ ತೆರೆಯಬಹುದು. ತಿಂಗಳ 15ರೊಳಗೆ ತೆರೆದ ಖಾತೆಗೆ ಪ್ರತಿ ತಿಂಗಳೂ 15ರೊಳಗೆ, ಅನಂತರ ತೆರೆದುದಕ್ಕೆ ತಿಂಗಳ ಕೊನೆಯ ಕೆಲಸದ ದಿನದೊಳಗೆ ಕಂತು ಕಟ್ಟಬೇಕು. ತಪ್ಪಿದ ಕಂತಿಗೆ ನೂರು ರೂಪಾಯಿಗೆ ಒಂದು ರೂಪಾಯಿಯಂತೆ ಶುಲ್ಕ ಬೀಳುತ್ತದೆ. ನಾಲ್ಕು ಕಂತುಗಳು ತಪ್ಪಿದರೆ ಖಾತೆ ನಿಂತುಹೋಗುತ್ತದೆ. ಅದನ್ನು ಎರಡು ತಿಂಗಳೊಳಗೆ ಪುನಃ ಚಾಲ್ತಿಗೆ ತಂದುಕೊಳ್ಳಲು ಅವಕಾಶವಿದೆ.