ಪಾಸ್ತಾಗೆ ನೀರಿಲ್ಲ, ಯುದ್ಧ ನಿಲ್ಲಿಸಿ!

ಇಟಲಿಯ ಸೈನಿಕರಿಗೆ ಪಾಸ್ತಾ ಬೇಯಿಸೋಕೆ ಹೆಚ್ಚುವರಿ ನೀರು ಕೊಡಬೇಕು. ಕೊಡದಿದ್ದರೆ ಆ ತುಕಡಿ ಹುಮ್ಮಸ್ಸಿನಿಂದ ಮುಂದೆ ನುಗ್ಗಲ್ಲ.

ಇದು ಜೋಕ್ ಅಲ್ಲ. ಅಥವಾ ಜೋಕೇ ಇರಬಹುದು, ಆದರೆ ಅಚ್ಚಾಗಿರುವ ನಿಯಮ. 1979ರಲ್ಲಿ ಅಮೆರಿಕದ ಎಸ್‌ಪಿಐ ಅನ್ನೋ ಕಂಪನಿ 'ದಿ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ' ಅಂತ ಒಂದು ಆಟ ತಂತು. ರಚಿಸಿದವರು ರಿಚರ್ಡ್ ಬರ್ಗ್. ಎರಡನೇ ಮಹಾಯುದ್ಧದಲ್ಲಿ ಲಿಬಿಯಾ, ಈಜಿಪ್ಟಿನ ಮರಳುಗಾಡಿನಲ್ಲಿ ನಡೆದ ಕದನವನ್ನು ಮೇಜಿನ ಮೇಲೆ ಆಡೋದು. ಮೇಜು ಅಂದೆ, ಕ್ಷಮಿಸಿ. ನಕ್ಷೆಯ ಉದ್ದವೇ ಹತ್ತಿರಹತ್ತಿರ ಹತ್ತು ಅಡಿ. ಸಾವಿರಕ್ಕೂ ಹೆಚ್ಚು ರಟ್ಟಿನ ಬಿಲ್ಲೆಗಳು. ಒಂದೊಂದು ಕಡೆಗೆ ಐದು ಜನ: ಒಬ್ಬ ಮಹಾದಂಡನಾಯಕ, ಒಬ್ಬ ಮುಂಚೂಣಿಯವನು, ಒಬ್ಬ ಹಿಂಬದಿಯವನು, ಒಬ್ಬ ವಿಮಾನ ನೋಡಿಕೊಳ್ಳುವವನು, ಇನ್ನೊಬ್ಬ ಬರೀ ಸರಬರಾಜು ಲೆಕ್ಕ ಬರೆಯುವವನು. ಆಟ ಮುಗಿಯೋಕೆ ಎಷ್ಟು ಹೊತ್ತು ಬೇಕು ಗೊತ್ತಾ? ಸುಮಾರು 1,500 ಗಂಟೆ. ಪ್ರತಿ ಭಾನುವಾರ ಮೂರು ಗಂಟೆ ಕೂತರೆ 500 ವಾರ, ಅಂದರೆ ಒಂಬತ್ತೂವರೆ ವರ್ಷ. ಶುರು ಮಾಡುವಾಗ ಮದುವೆಯಾದವನ ಮಗ ಮುಗಿಯೋ ಹೊತ್ತಿಗೆ ಮೂರನೇ ಕ್ಲಾಸು!

ಪಾಸ್ತಾ ನಿಯಮವನ್ನು ತಮಾಷೆಗೇ ಹಾಕಿದ್ದು ಅಂತ ಬರ್ಗ್ ಆಮೇಲೆ ಒಪ್ಪಿಕೊಂಡರು. ಆದರೆ ಪೆಟ್ರೋಲ್ ನಿಯಮ ತಮಾಷೆಯದ್ದಲ್ಲ. ಈ ಆಟದಲ್ಲಿ ದಾಸ್ತಾನು ಇಟ್ಟ ಪೆಟ್ರೋಲ್ ಪ್ರತಿ ಸುತ್ತಿಗೂ ಸ್ವಲ್ಪ ಆವಿಯಾಗುತ್ತೆ. ಬ್ರಿಟಿಷರದ್ದು ಜಾಸ್ತಿ ಆವಿಯಾಗುತ್ತೆ. ಯಾಕೆ? ನಿಜವಾದ ಯುದ್ಧದಲ್ಲೂ ಅವರ ತೆಳು ತಗಡಿನ ಡಬ್ಬಿಗಳು ಸೋರುತ್ತಿದ್ದವು. ಜರ್ಮನ್ನರ ಗಟ್ಟಿ ಕ್ಯಾನ್ ಸೋರುತ್ತಿರಲಿಲ್ಲ. ಕೊನೆಗೆ ಬ್ರಿಟಿಷರು ಅದನ್ನೇ ನಕಲು ಮಾಡಿದರು. ನಾವು ಇವತ್ತಿಗೂ ಜೆರ್ರಿ ಕ್ಯಾನ್ ಅಂತೀವಲ್ಲ, ಆ 'ಜೆರ್ರಿ' ಅನ್ನೋದು ಬ್ರಿಟಿಷ್ ಸಿಪಾಯಿಗಳು ಜರ್ಮನ್ನರಿಗೆ ಇಟ್ಟಿದ್ದ ಅಡ್ಡಹೆಸರು.

ಇಷ್ಟೆಲ್ಲ ನನಗೆ ಹೇಳಿದ್ದು ನನ್ನ ಹಾಸ್ಟೆಲ್ ರೂಮ್‌ಮೇಟ್. ಇಬ್ಬರೂ ಮೆಕ್ಯಾನಿಕಲ್. ನಾನು ಕ್ಯಾಮೆರಾ ಮುಂದೆ ಬಂದು ನಿಂತೆ, ಅವನು ಇಂಗ್ಲೆಂಡಿನ ಡರ್ಬಿಗೆ ಹೋದ. ಅಲ್ಲಿಂದ ಅರ್ಧ ಗಂಟೆ ದೂರದಲ್ಲಿ ನಾಟಿಂಗ್‌ಹ್ಯಾಮ್. 'ವಾರ್‌ಹ್ಯಾಮರ್' ಆಟ ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಕೇಂದ್ರ ಇರೋದು ಅಲ್ಲೇ. ಅವನಿಗೆ ಈ ಹುಚ್ಚು ಹಿಡಿದದ್ದೂ ಅಲ್ಲೇ.

ನಾನು ಮೊದಲ ಸಲ ಅವನ ಮನೆಗೆ ಹೋದಾಗ ಅವನ ಹೆಂಡತಿ ಹೇಳಿದ ಮಾತು: "ಅಣ್ಣಾ, ನನ್ನ ಸೀರೆಗೆ ಒಂದು ಬೀರು, ಇವರ ಸೈನ್ಯಕ್ಕೆ ಎರಡು." ಬೀರು ತೆಗೆದು ನೋಡಿದೆ. ಹೆಬ್ಬೆರಳುದ್ದದ ಪ್ಲಾಸ್ಟಿಕ್ ಸೈನಿಕರು, ಸಾಲು ಸಾಲು. ಒಬ್ಬೊಬ್ಬನ ಕಣ್ಣಿಗೂ ಬಣ್ಣ. ಹತ್ತು ಜನರ ಒಂದು ಡಬ್ಬಿಗೆ ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿ ಆಸುಪಾಸು. ಅಷ್ಟು ಕೊಟ್ಟ ಮೇಲೂ ಸೈನಿಕ ಸಿಗಲ್ಲ, ಅವನ ಬಿಡಿಭಾಗ ಸಿಗುತ್ತೆ. ಚೌಕಟ್ಟಿನಿಂದ ಕತ್ತರಿಸಬೇಕು, ಉಜ್ಜಬೇಕು, ಅಂಟಿಸಬೇಕು, ಬಣ್ಣ ಹಚ್ಚಬೇಕು. ಮೇಲಿಂದ ನಿಯಮದ ಪುಸ್ತಕ ಬೇರೆ. ಆ ನಿಯಮಗಳೂ ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ. 2017, 2020, 2023, ಹೀಗೆ 'ವಾರ್‌ಹ್ಯಾಮರ್ 40,000'ದ ಹೊಸ ಆವೃತ್ತಿಗಳು ಬಂದಿವೆ. ನಿನ್ನೆ ಬಲಶಾಲಿಯಾಗಿದ್ದ ನಿಮ್ಮ ಟ್ಯಾಂಕು ಇವತ್ತು ಪುಸ್ತಕದಲ್ಲಿ ಪುಸ್ಸಾಗಬಹುದು. ಮೊಬೈಲ್ ಅಪ್‌ಡೇಟ್ ಆದ ಮೇಲೆ ಬ್ಯಾಟರಿ ನಿಲ್ಲಲ್ವಲ್ಲ, ಆ ಥರ.

ಹಾಗಿದ್ರೆ ಜನ ಬಿಟ್ಟು ಓಡಬೇಕಿತ್ತು ಅಲ್ವಾ? ಓಡಲಿಲ್ಲ. ಆ ಕಂಪನಿ 2024ರ ಡಿಸೆಂಬರಿನಲ್ಲಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಎಫ್‌ಟಿಎಸ್‌ಇ 100 ಪಟ್ಟಿಗೆ ಸೇರಿತು. ಬ್ಯಾಂಕು, ತೈಲ ಕಂಪನಿಗಳ ಪಕ್ಕದಲ್ಲಿ ಆಟಿಕೆ ಸೈನಿಕರು!

ಸುಲಭದ ಉತ್ತರ ಒಂದಿದೆ: ಇಷ್ಟು ದುಡ್ಡು ಸುರಿದ ಮೇಲೆ ಬಿಡೋದು ಹೇಗೆ? ಇದು ಅರ್ಧ ನಿಜ. ಕಟ್ಟದೇ ಬಿದ್ದಿರುವ ಡಬ್ಬಿಗಳ ಗುಡ್ಡೆಯನ್ನು ಅವರೇ 'ನಾಚಿಕೆಯ ರಾಶಿ' ಅಂತಾರೆ. ಆದರೆ 2015ರಲ್ಲಿ ಏನಾಯ್ತು ನೋಡಿ. ಕಂಪನಿ ತನ್ನ ಹಳೆಯ ವಾರ್‌ಹ್ಯಾಮರ್ ಲೋಕವನ್ನು ಕಥೆಯಲ್ಲೇ ಪ್ರಳಯ ತಂದು ಮುಗಿಸಿ, ಬೇರೆ ಆಟ ಶುರು ಮಾಡಿತು. ಒಬ್ಬ ಸಿಟ್ಟಿಗೆ ತನ್ನ ಸೈನ್ಯಕ್ಕೇ ಬೆಂಕಿ ಇಟ್ಟು ವಿಡಿಯೋ ಮಾಡಿದ. ಉಳಿದವರಲ್ಲಿ ಅನೇಕರು ಹಳೆ ಪುಸ್ತಕ ಇಟ್ಟುಕೊಂಡು ಹಳೆ ಆಟವನ್ನೇ ಆಡುತ್ತಾ ಹೋದರು. 2024ರಲ್ಲಿ ಕಂಪನಿಯೇ ಆ ಹಳೆ ಲೋಕವನ್ನು 'ದಿ ಓಲ್ಡ್ ವರ್ಲ್ಡ್' ಅಂತ ವಾಪಸ್ ತಂತು. ಬರೀ ದುಡ್ಡಿನ ಹೊಟ್ಟೆಉರಿಯಾಗಿದ್ದರೆ ಒಂದೆರಡು ವರ್ಷಕ್ಕೆ ಆರಿಹೋಗುತ್ತಿತ್ತು.

ಉಳಿದರ್ಧ ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಚದುರಂಗಕ್ಕೇ ಹೋಗೋಣ. ಆನೆ, ಕುದುರೆ, ರಥ, ಕಾಲಾಳು: ಇಲ್ಲಿಂದ ಹೋದ ಸೈನ್ಯ ಅದು. ಯುರೋಪಿಗೆ ಹೋಗಿ ಚೆಸ್ ಆಯ್ತು. 1780ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನ ಹೆಲ್ವಿಗ್ ಅನ್ನೋ ಮೇಷ್ಟ್ರು ಅದೇ ಚೆಸ್ಸನ್ನು ಎಳೆದು, 1,600ಕ್ಕೂ ಹೆಚ್ಚು ಮನೆಗಳ ಹಲಗೆ ಮಾಡಿ, ಬೆಟ್ಟ, ನೀರು, ಊರು ಎಲ್ಲ ಸೇರಿಸಿದರು. ಆದರೂ ಚೆಸ್ಸಿನ ಒಂದು ಸುಳ್ಳು ಉಳಿದಿತ್ತು. ಚೆಸ್ಸಿನಲ್ಲಿ ಎದುರಾಳಿಯ ಕಾಯಿಗಳೆಲ್ಲ ನಿಮ್ಮ ಕಣ್ಣೆದುರೇ ಇರುತ್ತವೆ. ನೀವು ಹೇಳಿದ ಕುದುರೆ ಹೇಳಿದ ಮನೆಗೇ ಹೋಗುತ್ತೆ. ನಿಜವಾದ ಯುದ್ಧದಲ್ಲಿ ಎರಡೂ ಆಗಲ್ಲ.

1824ರಲ್ಲಿ ಪ್ರಷ್ಯಾದ ಸೇನೆಯ ರೈಸ್‌ವಿಟ್ಜ್ ಅನ್ನೋ ಅಧಿಕಾರಿ ಮನೆಗಳನ್ನೇ ಅಳಿಸಿ ನಿಜವಾದ ಸೇನಾ ನಕ್ಷೆ ಹಾಸಿದರು. ದಾಳ ತಂದರು, ನಡುವೆ ಒಬ್ಬ ಅಂಪೈರ್ ಕೂರಿಸಿದರು. ನಿಮಗೆ ಕಾಣಬೇಕಾದದ್ದನ್ನು ಮಾತ್ರ ಅಂಪೈರ್ ಹೇಳ್ತಾನೆ, ಉಳಿದದ್ದು ಕತ್ತಲೆ. ಸೇನಾ ಮುಖ್ಯಸ್ಥರು ನೋಡಿ ಮೆಚ್ಚಿ ರೆಜಿಮೆಂಟುಗಳಿಗೆ ಕಳಿಸಿದರು. ಮೇಜಿನ ಯುದ್ಧ ಹುಟ್ಟಿದ್ದು ಹೀಗೆ.

ಇದು ಬರೀ ಆಟ ಅಂತ ಇನ್ನೂ ಅನ್ನಿಸಿದರೆ 1942ರ ಲಿವರ್‌ಪೂಲ್‌ಗೆ ಬನ್ನಿ. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿನ ಅನ್ನದ ಹಡಗುಗಳನ್ನು ಮುಳುಗಿಸುತ್ತಿದ್ದವು. ಕ್ಷಯರೋಗ ಬಂತು ಅಂತ ನೌಕಾಪಡೆ ಮನೆಗೆ ಕಳಿಸಿದ್ದ ಗಿಲ್ಬರ್ಟ್ ರಾಬರ್ಟ್ಸ್ ಅನ್ನೋ ಅಧಿಕಾರಿಯನ್ನು ಮತ್ತೆ ಕರೆದು ಒಂದು ಹಾಲ್ ಕೊಟ್ಟರು. ಅವರ ಜೊತೆ ಮಹಿಳಾ ನೌಕಾದಳದ ಚಿಕ್ಕ ವಯಸ್ಸಿನ ಹುಡುಗಿಯರು. ನೆಲದ ಮೇಲೆ ಚೌಕ ಎಳೆದರು, ಸೀಮೆಸುಣ್ಣದಲ್ಲಿ ಹಡಗಿನ ದಾರಿ ಬರೆದರು. ಹಡಗಿನ ಅಧಿಕಾರಿಗಳನ್ನು ಪರದೆಯ ಹಿಂದೆ ನಿಲ್ಲಿಸಿ ಸಣ್ಣ ಕಿಂಡಿಯಿಂದ ಮಾತ್ರ ನೋಡಲು ಬಿಟ್ಟರು. ಹೀಗೆ ಆಡುತ್ತಾ ಆಡುತ್ತಾ ರಾಬರ್ಟ್ಸ್‌ಗೆ ಹೊಳೆದದ್ದು, ಶತ್ರು ಹೊರಗಿಂದ ಹೊಡೆಯುತ್ತಿಲ್ಲ, ಹಿಂದಿನಿಂದ ಬಂದು ನಮ್ಮ ಹಡಗಿನ ಸಾಲುಗಳ ಒಳಗೇ ಸೇರಿಕೊಂಡು ಹೊಡೆಯುತ್ತಿದ್ದಾನೆ ಅಂತ. ಅದಕ್ಕೆ ತಕ್ಕ ಪ್ರತಿತಂತ್ರವೂ ಅದೇ ನೆಲದ ಮೇಲೆ ಸಿಕ್ಕಿತು. ಸ್ವತಃ ಜಲಾಂತರ್ಗಾಮಿ ನಡೆಸಿ ಹೆಸರು ಮಾಡಿದ್ದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಒಮ್ಮೆ ಶತ್ರುವಿನ ಪಾತ್ರ ಆಡಿ ನೋಡಿದರು. ಎದುರಾಳಿ ಜ್ಯಾನೆಟ್ ಓಕೆಲ್ ಅನ್ನೋ ಹುಡುಗಿ. ಅಡ್ಮಿರಲ್ ಸಾಹೇಬರು ಐದಕ್ಕೆ ಐದೂ ಸೋತರು.

ಈಗ ನನ್ನ ವಿಷಯ ಹೇಳಿಬಿಡ್ತೀನಿ. ಗಡಿಯಲ್ಲಿ ಉದ್ವಿಗ್ನತೆ ಇದ್ದ ಒಂದು ರಾತ್ರಿ ನಾನು ಸ್ಟುಡಿಯೋದಲ್ಲಿದ್ದೆ. ಗ್ರಾಫಿಕ್ಸ್‌ನವರು ನನ್ನ ಕಾಲ ಕೆಳಗೇ ಟ್ಯಾಂಕ್ ಓಡಿಸಿದ್ದರು, ತಲೆ ಮೇಲೆ ಜೆಟ್. ನಾನು ಬೆರಳು ತೋರಿಸಿ, ಇಲ್ಲಿಂದ ಇಲ್ಲಿಗೆ 48 ಗಂಟೆ ಸಾಕು ಅಂದೆ. ದನಿ ಏರಿಸಿಯೇ ಅಂದೆ. ಬ್ರೇಕ್‌ನಲ್ಲಿ ಫೋನ್ ನೋಡಿದರೆ ಡರ್ಬಿಯಿಂದ ಮೆಸೇಜ್: "ಮಗಾ, ನಿನ್ನ ಟ್ಯಾಂಕಿಗೆ ಡೀಸೆಲ್ ಯಾರು ತರ್ತಾರೆ?"

ಉತ್ತರ ಇರಲಿಲ್ಲ. ಎಂಜಿನಿಯರಿಂಗ್ ಓದಿದವನು ನಾನು, ಒಂದು ಟ್ಯಾಂಕ್ ಎಷ್ಟು ಕುಡಿಯುತ್ತೆ ಅಂತ ಕೂಡ ಯೋಚಿಸಿರಲಿಲ್ಲ. ಬ್ರೇಕ್ ಮುಗೀತು, ಮತ್ತೆ ಅದೇ ಟ್ಯಾಂಕ್ ಓಡಿಸಿದೆ.

ಇವರು ಈ ಆಟಕ್ಕೆ ಯಾಕೆ ಅಂಟಿಕೊಂಡಿದ್ದಾರೆ ಅನ್ನೋದು ನನಗೆ ಅರ್ಥವಾಗಿದ್ದು ಆ ಮೆಸೇಜಿನಿಂದ. ನಾವು ಬೇಡದ ಕಷ್ಟ ಅಂತ ಯಾವುದನ್ನು ಅಂದುಕೊಂಡಿದ್ದೀವೋ, ಅವರು ದುಡ್ಡು ಕೊಟ್ಟು ಕೊಳ್ಳೋದೇ ಅದನ್ನು. ನಿಯಮ ಜಾಸ್ತಿ ಇದ್ದಷ್ಟೂ 'ಅದು ಆಗಲ್ಲ' ಅನ್ನೋ ಗೋಡೆಗಳು ಜಾಸ್ತಿ. ಆ ಗೋಡೆಗಳ ನಡುವೆ ಒಂದು ದಾರಿ ಹುಡುಕಿದಾಗ ಸಿಗೋ ಖುಷಿಗೆ ಕಂಪ್ಯೂಟರ್ ಗೇಮ್ ಸಾಟಿಯಲ್ಲ. ಕಂಪ್ಯೂಟರ್ ಲೆಕ್ಕವನ್ನು ಒಳಗೇ ಮಾಡಿ ಮುಚ್ಚಿಡುತ್ತೆ. ಇಲ್ಲಿ ನೀವೇ ಕೂಡಿಸಿ ಕಳೆಯಬೇಕು, ಎದುರಿಗಿರುವವನು ಒಪ್ಪಬೇಕು. ಒಂಟಿಯಾಗಿ ಆಡುವವರೂ ಇದ್ದಾರೆ, ಆದರೆ ಒಂದು ದೊಡ್ಡ ಆಟ ಕಲಿತ ಇಬ್ಬರು ಸಿಕ್ಕರೆ ಅವರು ಸುಲಭಕ್ಕೆ ಬೇರೆಯಾಗಲ್ಲ. ಅಷ್ಟು ಕಲಿತ ಇನ್ನೊಬ್ಬನನ್ನು ಎಲ್ಲಿಂದ ತರೋದು?

ಹೋದ ಸಲ ಹೋದಾಗ ಅವನು 'ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್' ಹರಡಿಕೊಂಡು ಕೂತಿದ್ದ. 1985ರ ಆಟ. ನಿಯಮದ ಪುಸ್ತಕವನ್ನು ನಮ್ಮ ಆಫೀಸ್ ಫೈಲಿನ ಥರ ರಿಂಗ್ ಹಾಕಿಯೇ ಕೊಟ್ಟಿದ್ದಾರೆ, ಮುಂದೆ ಹೊಸ ಹಾಳೆ ಸೇರಿಸಲಿ ಅಂತ. ಎದುರಾಳಿ ಅರವತ್ತು ದಾಟಿದ ಒಬ್ಬ ಇಂಗ್ಲಿಷ್ ತಾತ. ಇವನ ಸೈನಿಕನಿಗೆ ಅವರ ಸೈನಿಕ ಕಾಣಿಸ್ತಾನಾ ಇಲ್ವಾ ಅನ್ನೋ ಪ್ರಶ್ನೆ ಬಂತು. ಕಂಡರೆ ಮಾತ್ರ ಗುಂಡು ಹೊಡೆಯಬಹುದು. ಜೇಬಿಂದ ಒಂದು ದಾರ ತೆಗೆದ.

"ಮಗಾ, ಆ ತುದಿ ಹಿಡಿ."

ಹಿಡಿದೆ. ಒಂದು ಚುಕ್ಕೆಯಿಂದ ಇನ್ನೊಂದು ಚುಕ್ಕೆಗೆ ದಾರ ಬಿಗಿಯಾಗಿ ಎಳೆದೆವು. ಮೂವರೂ ಬಗ್ಗಿ ನೋಡಿದೆವು. ದಾರ ಒಂದು ಮನೆಯ ಮೂಲೆಗೆ ಕೂದಲೆಳೆಯಷ್ಟು ತಾಗುತ್ತಿತ್ತು. ತಾತ ಏನೂ ಹೇಳಲಿಲ್ಲ, ಇವನ ಮುಖವನ್ನೇ ನೋಡಿದರು.

"ಕಾಣಲ್ಲ," ಅಂದ ನನ್ನ ಗೆಳೆಯ. ಆ ಗುಂಡು ಹೊಡೆದಿದ್ದರೆ ಗೆಲ್ಲುತ್ತಿದ್ದ. ದಾರ ಸುತ್ತಿ ಜೇಬಿಗಿಟ್ಟುಕೊಂಡು ದಾಳವನ್ನು ತಾತನ ಕಡೆ ಸರಿಸಿದ. ನಾನು ಲಂಡನ್‌ಗೆ ಹೋಗೋ ಆರೂವರೆಯ ಟ್ರೇನ್ ಬಿಟ್ಟು, ಎಂಟರದ್ದಕ್ಕೆ ಹೋದೆ.