ಅಕ್ಕಿ ಜಾಲಿಸಿದ ಹಾಗೆ ಹೊನ್ನು ಜಾಲಿಸಿದವರು

ಸವಳಂಗದ ಅಜ್ಜಿ ಅನ್ನಕ್ಕಿಡುವ ಮೊದಲು ಎರಡು ಪಾತ್ರೆ ಹಿಡಿದು ಕೂರುತ್ತಿದ್ದರು. ನೀರು ಹುಯ್ದು, ಪಾತ್ರೆಯನ್ನು ಮೆಲ್ಲಗೆ ತೂಗಿ ಬಾಗಿಸಿದರೆ ಅಕ್ಕಿ ನೀರಿನ ಜೊತೆ ಆಚೆ ಪಾತ್ರೆಗೆ ಜಾರುತ್ತಿತ್ತು, ಕಲ್ಲು ತಳದಲ್ಲೇ ಉಳಿಯುತ್ತಿತ್ತು. ಇದಕ್ಕೆ ಅಜ್ಜಿ ‘ಜಾಲಿಸೋದು’ ಅನ್ನುತ್ತಿದ್ದರು. ಇದೇ ಕೈಚಳಕದಿಂದ ನಮ್ಮ ಹಳ್ಳಗಳಲ್ಲಿ ಬಂಗಾರ ತೆಗೆಯುತ್ತಿದ್ದವರು ಇದ್ದರೆಂಬುದು ನನಗೆ ತಿಳಿದದ್ದು ಅಜ್ಜಿ ಹೋಗಿ ಎಷ್ಟೋ ವರ್ಷಗಳಾದ ಮೇಲೆ, ಒಂದು ಹಳೆಯ ಸಂಪುಟದಲ್ಲಿ.

ಪಲ್ಲಾವರಂನಲ್ಲಿ 1863ರಲ್ಲಿ ಶಿಲಾಯುಗದ ಕೊಡಲಿ ಹುಡುಕಿ ಹೆಸರಾದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್, ಮೈಸೂರು ಸೀಮೆಯ ಚಿನ್ನದ ನೆಲಗಳನ್ನು ಸುತ್ತಿ 1882ರಲ್ಲಿ ಆ ಸಂಪುಟದಲ್ಲಿ ಒಂದು ಲೇಖನ ಪ್ರಕಟಿಸಿದರು. ನಮ್ಮ ಕಡೆಯ, ನ್ಯಾಮತಿಯ ಸುತ್ತಮುತ್ತಲಿನ ಹೊನ್ನಾಳಿ ಚಿನ್ನದ ನೆಲವೂ ಅದರಲ್ಲಿದೆ. ಯಾವ ಹಳ್ಳದಲ್ಲಿ ಬಂಗಾರವಿದೆ ಎಂದು ಅವರಿಗೆ ತೋರಿಸಿಕೊಟ್ಟವರು ಜಾಲಗಾರರು. ಹಳ್ಳದ ಮಣ್ಣು ತೊಳೆದು ಹೊನ್ನು ಹೆಕ್ಕುವುದೇ ಅವರ ಕಸುಬಾಗಿತ್ತು.

ಮಳೆ ನಿಂತು ನೀರು ತಿಳಿಯಾದ ಮೇಲೆ ಜಾಲಗಾರ ಹಳ್ಳ ತಿರುಗುವ ಕಡೆ, ಬಂಡೆಯ ಬೆನ್ನಿನ ಸಂದಿಯಲ್ಲಿ ಮಣ್ಣು ಬಗೆಯುತ್ತಾನೆ. ಮರಿಗೆಗೆ ತುಂಬಿ ನೀರಲ್ಲಿ ತಿರುಗಿಸುತ್ತಾನೆ. ಮೊದಲು ಕೆಸರು ಹೋಗುತ್ತದೆ, ಆಮೇಲೆ ಬಿಳಿ ಮರಳು. ತಳದಲ್ಲಿ ಕಬ್ಬಿಣದ ಅಂಶದ ಕಪ್ಪು ಮರಳು ಉಗುರಗಲ ಉಳಿಯುತ್ತದೆ. ಮರಿಗೆಯನ್ನು ಓರೆ ಮಾಡಿ ಇನ್ನೊಂದು ಸುತ್ತು ತೂಗಿದಾಗ ಆ ಕಪ್ಪಿನ ಅಂಚಿಗೆ ಅರಿಸಿನದ ಪುಡಿಯಂಥ ಗೆರೆಯೊಂದು ಕಾಣುತ್ತದೆ. ಅಷ್ಟೇ ಅವನ ಸಂಪಾದನೆ. ಅಜ್ಜಿಗೆ ಬೇಡವಾದದ್ದು ತಳದಲ್ಲಿ ಉಳಿದರೆ, ಇವನಿಗೆ ಬೇಕಾದದ್ದೇ ತಳದಲ್ಲಿ ಉಳಿಯುತ್ತದೆ. ಪಾದರಸ ಹಾಕಿ ತಿಕ್ಕಿದರೆ ಅದು ಪುಡಿಯನ್ನೆಲ್ಲ ನುಂಗಿ ಉಂಡೆಯಾಗುತ್ತದೆ. ಬೆಂಕಿಗಿಟ್ಟರೆ ಪಾದರಸ ಆವಿಯಾಗಿ ಹೊನ್ನು ಉಳಿಯುತ್ತದೆ. ಆ ಹೊಗೆ ಎಷ್ಟು ಜನರ ಎದೆಗೆ ಇಳಿದಿತ್ತೋ ಎಂದು ನೆನೆದರೆ ಸಂಕಟವಾಗುತ್ತದೆ.

ಇದೆಲ್ಲ ಸಾಧ್ಯವಾಗುವುದು ತೂಕದಿಂದ. ಬಂಗಾರ ಅಷ್ಟೇ ಗಾತ್ರದ ನೀರಿಗಿಂತ ಸುಮಾರು 19 ಪಟ್ಟು ಭಾರ, ಬಿಳಿ ಮರಳು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ನಮ್ಮ ಗುಡ್ಡಗಳ ಪದರಗಲ್ಲಿನ ನಡುವೆ ಬೆಣಚುಕಲ್ಲಿನ ಪಟ್ಟೆಗಳಿವೆ. ಭೂಮಿಯ ಆಳದ ಬಿಸಿನೀರು ಬಿರುಕುಗಳಲ್ಲಿ ಏರಿ ಬಂದಾಗ ಬೆಣಚಿನ ಜೊತೆ ಚಿನ್ನವನ್ನೂ ಅಲ್ಲಿ ಬಿಟ್ಟಿತು. ಗುಡ್ಡ ಸವೆದಂತೆ ಅದು ಹಳ್ಳಕ್ಕಿಳಿಯಿತು. ತುಕ್ಕು ಹಿಡಿಯದ ಲೋಹವಾದ್ದರಿಂದ ಎಷ್ಟು ಕಾಲ ನೀರಲ್ಲಿದ್ದರೂ ಹೊಳಪು ಮಾಸಲಿಲ್ಲ. ಈ ಬಗೆಯ ಶಿಲೆಗಳಿಗೆ ‘ಧಾರವಾಡ’ ಎಂಬ ಹೆಸರು ಕೊಟ್ಟವರೂ ಫೂಟ್ ಅವರೇ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರು.

ಮುಂದೆ ಕುದುರೆಕೊಂಡ, ಪಾಲವನಹಳ್ಳಿಗಳಲ್ಲಿ ಗಣಿ ತೋಡಿದರು. ಅವು ಕೋಲಾರದಂತೆ ಬೆಳೆಯಲಿಲ್ಲ. ಕೋಲಾರದ ಕಥೆಯೂ ಶುರುವಾದದ್ದು ಹೀಗೆಯೇ. 1802ರಲ್ಲಿ ಅಲ್ಲಿಗೆ ಬಂದ ಲೆಫ್ಟಿನೆಂಟ್ ಜಾನ್ ವಾರನ್‌ಗೆ ಮಣ್ಣು ತೊಳೆದು ಬಂಗಾರ ತೋರಿಸಿದವರು ಊರಿನ ಜನ. ಆ ಗಣಿ 2001ರಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಿದ್ದಾರೆ. ಗಣಿಗಳ ಚರಿತ್ರೆ ಬರೆಯುವವರು ಸಾಹೇಬರ ಹೆಸರು, ಕಂಪನಿಗಳ ಹೆಸರು ತಪ್ಪದೆ ಬರೆಯುತ್ತಾರೆ. ದಾರಿ ತೋರಿಸಿದವನ ಹೆಸರು ಕೇಳಿದರೆ ‘ಸ್ಥಳೀಯರು’ ಅನ್ನುತ್ತಾರೆ. ಇದು ನನಗೆ ಸಹಿಸಲಾಗದ ಅನ್ಯಾಯ.

ಪೇಟೆಗಳಲ್ಲಿ ಅಕ್ಕಸಾಲಿಗರ ಬೀದಿಯ ಕಸ ಗುಡಿಸಿ, ಚರಂಡಿಯ ಮಣ್ಣು ತೊಳೆದು ಬಂಗಾರದ ಚೂರು ಹುಡುಕಿದವರೂ ಇದೇ ಜಾಲಿಸುವ ವಿದ್ಯೆ ಬಲ್ಲವರು. ಕುವೆಂಪು ಅವರ ‘ಜಲಗಾರ’ ನಾಟಕದಲ್ಲಿ, ಜಾಲಗಾರನನ್ನೇ ನೆನಪಿಸುವ ಆ ಪದ ಬೀದಿ ಗುಡಿಸುವವನ ಹೆಸರಾಗಿ ಬರುತ್ತದೆ. ಅದನ್ನು ಓದಿದಾಗಲೆಲ್ಲ ನನ್ನ ಕಣ್ಣಿಗೆ ಹಳ್ಳದ ಆ ಮರಿಗೆಯೇ ಬರುತ್ತದೆ.

ಹೊನ್ನಾಳಿಯ ಹೆಸರಿನಲ್ಲೇ ಹೊನ್ನಿದೆ ಅನ್ನುತ್ತಾರೆ ನಮ್ಮ ಕಡೆ. ಸುರಹೊನ್ನೆ, ನೆಲಹೊನ್ನೆ ಅನ್ನುವ ಊರುಗಳೂ ಪಕ್ಕದಲ್ಲೇ ಇವೆ. ಹೊನ್ನೆ ಮರದ ಹೆಸರೂ ಹೌದು, ಹಾಗಾಗಿ ಹೆಸರನ್ನೇ ನಂಬಿ ನೆಲ ಅಗೆಯಬೇಕಿಲ್ಲ.

ಈಗ ಅಂಗಡಿಯ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ. ಮೊನ್ನೆ ಮಗಳು, “ಜಾಲಿಸೋದು ಅಂದ್ರೇನಪ್ಪಾ?” ಅಂದಳು. ಎರಡು ಪಾತ್ರೆ ತಂದೆ, ಸವಳಂಗದ ಹಳ್ಳದಿಂದ ತಂದಿದ್ದ ಒಂದು ಹಿಡಿ ಮರಳು ಹಾಕಿದೆ, ನೀರು ಹುಯ್ದು ತೂಗಿದೆ. ತಳದಲ್ಲಿ ಕಪ್ಪು ಮರಳು ಉಳಿಯಿತು. ಅವಳು ಬಗ್ಗಿ ನೋಡಿ, “ಇನ್ನೊಂದ್ಸಲ ತೂಗಪ್ಪಾ” ಅಂದಳು.