ಹಿಮ್ಮಡಿ ನೋವು: ಎಕ್ಸ್‌ರೇ ಏನು ಹೇಳುತ್ತದೆ?

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮುಳ್ಳು ನಟ್ಟಂತಾಗಿ, ನಾಲ್ಕು ಹೆಜ್ಜೆ ನಡೆದ ಮೇಲೆ ಹಗುರಾಗುತ್ತದೆಯೇ? ಮಸ್ಕಿ, ಸಿಂಧನೂರು ಕಡೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡುವ ಅಕ್ಕತಂಗಿಯರಿಗೆ ಇದು ಹೊಸದಲ್ಲ.

ಅಂಗಾಲಿನ ದಪ್ಪ ನಾರು ಹಿಮ್ಮಡಿ ಮೂಳೆಗೆ ಅಂಟುವಲ್ಲಿ ಜಗ್ಗಿ ಬರುವ ನೋವಿದು. ಆ ನಾರು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣದು. ಕಾಣುವುದು ಮೂಳೆ, ಅದರ ಬಿರುಕು, ಕೊಕ್ಕೆಯಂಥ ‘ಮುಳ್ಳು’. ‘ಎಲುಬು ಬೆಳದೈತಿ’ ಎಂದೊಡನೆ ಆಪರೇಷನ್ನೇ ಎಂದು ಗಾಬರಿಯಾಗಬೇಡಿ. ಮುಳ್ಳಿದ್ದೂ ನೋವಿಲ್ಲದವರು ಬಹಳ ಮಂದಿ.

ಆದರೆ ಬಿದ್ದು ಪೆಟ್ಟಾಗಿದ್ದರೆ, ಬಾವು ಬಂದಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಡಾಕ್ಟರಿಗೆ ತೋರಿಸದೆ ಇರಬೇಡಿ. ಕೂದಲೆಳೆಯಂಥ ಬಿರುಕು ಮೊದಲ ಎರಡು ವಾರ ಎಕ್ಸ್‌ರೇಗೆ ಸಿಗದೆ ಹೋಗಬಹುದು. ನೋವು ನಿಲ್ಲದಿದ್ದರೆ ಮತ್ತೆ ಹೋಗಿ. ಬಸುರಿಯಾಗಿದ್ದರೆ ಮೊದಲೇ ಹೇಳಿಬಿಡಿ.

ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿರಿ, ಅತ್ತೆ ಗೊಣಗಿದರೂ ಸರಿ!